ಕೆಳಗಿನ ಮೂಲೆಯ ಕುಂಕುಮ

ಜೂನ್ 9, 2025. ಬೆಳಿಗ್ಗೆ

ಮಿರಜದ ಹತ್ತಿರದ ಬೇಡಗಕ್ಕೆ ಮತ್ತೆ ಫೋನು. ಹಳೆಯ ನಾಟಕದ ಗಾಯಕಿ ತ್ರಿಶಲಾಬಾಯಿಯ ಮೊಮ್ಮಗಳು ಸ್ವಪ್ನಾಲಿಯದು ಮತ್ತೆ ಅದೇ ಉತ್ತರ — "ಅಜ್ಜಿಗ ಹೇಳೇನ್ರಿ ಕಾಕಾ, ಮಾಡ್ತಾಳ." ಯಾವಾಗ? ಫೋಟೋ ಕೊಟ್ಟದ್ದು ಶಿವರಾತ್ರಿಗೆ. ಒಂದೇ ಒಂದು ಸಹಿ. ಆಸ್ತಿ ಬರೆದುಕೊಡಿ ಅಂದೆನೇ?

ಮರಾಠಿ ಸಂಗೀತ ನಾಟಕದವರ ಸಹಿ ಇರುವ ಫೋಟೋ, ಹ್ಯಾಂಡ್‌ಬಿಲ್ಲು — ಕಪಾಟಿನಲ್ಲಿ ನಲವತ್ತೊಂದು ಸೇರಿವೆ. ಆ ನಲವತ್ತೊಂದು ಮಂದಿಯಲ್ಲಿ ಒಬ್ಬರೂ ಈಗಿಲ್ಲ. ಆ ಕಾಲದವರಲ್ಲಿ ಇನ್ನೂ ಉಳಿದವರು, ಸಹಿ ಸಿಗದವರು ತ್ರಿಶಲಾಬಾಯಿ ಒಬ್ಬರೇ. ಏಳು ವರ್ಷದವನಿದ್ದಾಗ ಸಾಂಗಲಿಯಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಅವರ ಹಾಡು ಕೇಳಿದ್ದೆ. ರಾಣಿಯ ವೇಷ. ಆಮೇಲೆ ಬೇರೆ ಯಾರ ದನಿಯೂ ಅಷ್ಟು ಹಿಡಿಸಿಲ್ಲ, ಖರೇ. ಅದೇ ವೇಷದ ಫೋಟೋ ಮಿರಜದ ರದ್ದಿ ಅಂಗಡಿಯಲ್ಲಿ ಸಿಕ್ಕಾಗ ಚೌಕಾಸಿ ಮಾಡದೆ ಕೊಂಡೆ.

ಹೆಂಡತಿ ಸುನಂದಾ: "ಸತ್ತವರ ಸಹಿ ಕೂಡಿಸಿ ಏನ್ ಮಾಡ್ತೀರಿ? ಚೆಕ್ ಪಾಸ್ ಆಗ್ತಾವೇನ?" ಮೂವತ್ತು ವರ್ಷದಿಂದ ಇದೇ ಜೋಕು.

ಜೂನ್ 14

ಫೋಟೋ ಬಂತು. ನಾನಿಲ್ಲದಾಗ ನನ್ನ ಅಂಗಡಿಯಲ್ಲಿ ಕೊಟ್ಟು ಹೋಗಿದ್ದಾರೆ. ಬಿಚ್ಚಿ ನೋಡಿದರೆ... ಸಹಿ ಇಲ್ಲ! ಮುಂದೂ ಇಲ್ಲ, ಹಿಂದೂ ಇಲ್ಲ. ಮೇಲಾಗಿ ಕೆಳಗಿನ ಮೂಲೆಯಲ್ಲಿ ಕುಂಕುಮ ಮೆತ್ತಿಕೊಂಡಿದೆ. ಯಾರೋ ಪೂಜೆಯ ಕೈಯಲ್ಲೇ ಹಿಡಿದಿರಬೇಕು. ನಮ್ಮ ಜನಕ್ಕೆ ಫೋಟೋ ಕಂಡರೆ ಸಾಕು, ಕುಂಕುಮ ಹಚ್ಚಲೇಬೇಕು — ಅದರಲ್ಲಿರುವವರು ಜೀವಂತ ಇದ್ದಾರೋ ಇಲ್ಲವೋ ನೋಡುವುದಿಲ್ಲ.

ಹತ್ತಿ ತೊಗೊಂಡು ಅರ್ಧ ತಾಸು ಕೂತು ಒರೆಸಿದೆ. ಕಲೆ ಕೂಡ ಉಳಿಯಲಿಲ್ಲ. ಇಂಥ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಆಮೇಲೆ ಸ್ವಪ್ನಾಲಿಗೆ ವಾಟ್ಸಾಪ್. ಮರಾಠಿಯಲ್ಲೇ ಬರೆದೆ, ಅವಳಿಗೆ ಕನ್ನಡ ಓದಲು ಬಾರದು. ಸಹಿ ಮಾಡುವ ಮನಸ್ಸಿಲ್ಲದಿದ್ದರೆ ಮೊದಲೇ ಹೇಳಬೇಕಿತ್ತು ಅಂತ. ಎರಡು ನೀಲಿ ಗೀಟು ಬಿದ್ದವು, ಓದಿದ್ದಾಳೆ.

ಜೂನ್ 15, ಮಧ್ಯಾಹ್ನ

ಸ್ವಪ್ನಾಲಿಯೇ ಫೋನ್ ಮಾಡಿದಳು. "ಮಾಡಿ ಕೊಟ್ಟಾಳಲ್ರಿ ಕಾಕಾ."

"ಎಲ್ಲಿ ಮಾಡ್ಯಾರವಾ?"

"ಮೂಲ್ಯಾಗ ಕೆಂಪಂದು ಕಾಣ್ಲಿಲ್ಲೇನ್ರಿ? ಅಜ್ಜಿಗ ಬರ್ಯಾಕ ಬರೂದಿಲ್ಲ. ಅಂಗಠಾ ಅದು. ಶಾಯಿ ಬ್ಯಾಡಂದ್ಲು, ಶಾಯಿದು ಕೋರ್ಟು ಕಚೇರಿಗೆ ಅಂತ. ಕುಂಕುಮದಾಗ ಒತ್ಯಾಳ."

ಹೆಬ್ಬೆಟ್ಟು.

ಇಷ್ಟು ತಿಂಗಳು ಯಾಕೆ ಹಿಡಿಯಿತು ಅಂತಲೂ ಹೇಳಿದಳು. ಹೆಬ್ಬೆಟ್ಟು ನೋಡಿ ಸಾಹುಕಾರರು, ಅಂದರೆ ನಾನು, ನಕ್ಕಾರು ಅಂತ ಅಜ್ಜಿಗೆ ನಾಚಿಕೆ. ನಾಟಕದ ನೂರಾರು ಮರಾಠಿ ಹಾಡು — ಮನೆಮಾತು ಕನ್ನಡದ ಹೆಂಗಸು, ಎಲ್ಲ ಕಿವಿಯಿಂದಲೇ ಕಲಿತದ್ದು. ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಒರೆಸಿದ್ದು ಹೇಳಲಿಲ್ಲ. "ಹೂಂ, ಈಗ ಕಾಣಸ್ತು" ಅಂದೆ. ಥೂ.

ಜೂನ್ 22

ಒಂದು ವಾರ ಊಟ ರುಚಿಸಲಿಲ್ಲ. ಇವತ್ತು ಬೇಡಗಕ್ಕೆ ಹೋದೆ. ಬಸ್ಸಿನಲ್ಲಿ ಒಂದು ಸುಳ್ಳು ಸಿದ್ಧಮಾಡಿಕೊಂಡೆ — ಫೋಟೋ ಮೇಲೆ ನೀರು ಬಿತ್ತು ಅಂತ. ತ್ರಿಶಲಾಬಾಯಿ "ಬರ್ರಿ, ಕುಂದ್ರಿ" ಅಂದರು. ಫೋಟೋ ಇಸಕೊಂಡು ಕಣ್ಣಿನ ಹತ್ತಿರ ಹಿಡಿದು ಮೂಲೆ ಹುಡುಕಿದರು. ಸುಳ್ಳು ಬಾಯಿಗೆ ಬರಲಿಲ್ಲ.

"ನಾನಽ ಒರಸೇನ್ರಿ ಬಾಯಿ. ಪೂಜಾದ ಕುಂಕುಮ ಅಂತ ತಿಳದೆ. ತಪ್ಪಾತ್ರಿ. ಇನ್ನೊಮ್ಮಿ..."

"ಛಲೋ ಒರಸೀರಿ," ಅಂದರು. ಸಿಟ್ಟಿರಲಿಲ್ಲ. "ಒಮ್ಮಿ ಒತ್ತಾಕ ನಾಕ್ ತಿಂಗಳ ಧೈರ್ಯ ಮಾಡೇನ್ರಿ ನಾ. ಇನ್ನೊಮ್ಮಿ ಆಗೂದಿಲ್ಲ. ಚಾ ಕುಡದ ಹೋಗ್ರಿ."

ಕುಡಿದೆ. ಇನ್ನೇನು ಮಾಡಲಿ?

ಜುಲೈ 3

ಸಂಗ್ರಹದ ಪಟ್ಟಿ ತೆಗೆದು ಕೂತೆ. ನಲವತ್ತೆರಡನೆಯದು. ಹೆಸರು ಬರೆದೆ, ವೇಷ ಬರೆದೆ. 'ಸಹಿ' ಕಾಲಮ್ಮಿಗೆ ಬಂದು ಪೆನ್ನು ನಿಂತಿತು.

ಸುನಂದಾ ಇಣುಕಿದಳು. "ಇಲ್ಲ ಅಂತ ಬರದ ಮುಗಸ್ರಿ. ಯಾರ್ ಕೇಳ್ತಾರ?"

ಇಲ್ಲ ಅಂತ ಹೇಗೆ ಬರೆಯಲಿ? ಮಾಡಿಕೊಟ್ಟಿದ್ದರಲ್ಲ ಆಕೆ! ಹುಚ್ಚು ಹಿಡಿಯುವುದೊಂದು ಬಾಕಿ.

ಕೊನೆಗೆ ಬರೆದೆ — ಸಹಿ: ಇತ್ತು, ಕುಂಕುಮದ್ದು. ಒರೆಸಿದವನು: ನಾನೇ. ಕೆಳಗೆ ನನ್ನ ಸಹಿ.