ಸೊಸೆಯ ಒಣಕಡ್ಡಿಗಳು

ಫೆಬ್ರವರಿ 4
ಗುಲಾಬಿಯ ಒಣ ಕೊಂಬೆ ಸವರಿ ಗೊಬ್ಬರ ಹಾಕಿದ್ದಾಯಿತು. ಎಲೆಗಳ ಅಂಚಿನಲ್ಲಿ ಮತ್ತೆ ಗುಂಡಗೆ ತೂತು — ಯಾರೋ ಕತ್ತರಿಯಲ್ಲಿ ತೆಗೆದ ಹಾಗೆ. ಇಷ್ಟು ವರ್ಷ ಬಟ್ಟೆ ಹೊಲಿದ ನನಗೂ ರವಿಕೆಯ ಕುತ್ತಿಗೆ ಇಷ್ಟು ನೀಟಾಗಿ ಬಂದಿಲ್ಲ. ಯಾವ ಹುಳುವೋ.
ಟೆರೇಸಿನ ಆ ಅರ್ಧ ಸೊಸೆಯದು. ಮದುವೆಯಾಗಿ ಬಂದವಳು ಬಟ್ಟೆಗಿಂತ ಕುಂಡಗಳನ್ನೇ ಹೆಚ್ಚು ತಂದಳು. ಕೊತ್ತಂಬರಿ ಕೊಯ್ಯುವುದಿಲ್ಲ, ಹೂವಿಗೆ ಬಿಡುತ್ತಾಳೆ. ತಟ್ಟೆಯಲ್ಲಿ ಕಲ್ಲು, ಕಲ್ಲಿನ ನಡುವೆ ನೀರು. ಮೂಲೆಯಲ್ಲಿ ಪೊಳ್ಳು ಒಣಕಡ್ಡಿಗಳ ಕಟ್ಟು. ಕಸದ ಕೊಂಪೆ. ಆದರೂ ಜೇನು, ಚಿಟ್ಟೆ ಎಲ್ಲ ಅಲ್ಲೇ. ನನ್ನ ಕಡೆ ಒಂದೂ ಇಲ್ಲ.

ಫೆಬ್ರವರಿ 9, ಬೆಳಿಗ್ಗೆ
ಇವರು ಟೆರೇಸಿಗೆ ಬಂದರು. ನಮ್ಮ ಯಜಮಾನರು — ರಿಟೈರ್ ಆದಮೇಲೆ ಪೇಪರ್ ಬಿಟ್ಟು ಏಳದವರು. ಟೀ ಲೋಟ ಹಿಡಿದು ನೇರ ಆ ಕಡೆಗೆ.
"ಮಾವ, ಸದ್ದು ಮಾಡ್ಬೇಡಿ. ಆ ನೀಲಿ ರೆಕ್ಕೆದು ನೋಡಿ."
"ಇದೂ ಜೇನಾ?"
ಇಬ್ಬರೂ ಮಂಡಿಯೂರಿ ಕೂತರು. ಇವರ ಮಂಡಿನೋವು ಎಲ್ಲಿ ಹೋಯಿತೋ. ನನ್ನ ಗುಲಾಬಿ, ಬೊಗಸೆ ತುಂಬುವಷ್ಟು ದೊಡ್ಡದು, ಪಕ್ಕದಲ್ಲೇ ಅರಳಿತ್ತು. ತಿರುಗಿಯೂ ನೋಡಲಿಲ್ಲ.

ಫೆಬ್ರವರಿ 10
ಮತ್ತೆ ಬಂದರು.
ಸೊಸೆಯನ್ನು ಕೇಳಿದೆ, "ನನ್ನ ಕಡೆ ಯಾಕಮ್ಮ ಜೇನು ಬರಲ್ಲ?"
"ನಿಮ್ಮದು ದಳ ಒತ್ತೊತ್ತಾಗಿರೋ ಗುಲಾಬಿ ಅಲ್ವಾ ಅತ್ತೆ. ಅವಕ್ಕೆ ಒಳಗೆ ಹೋಗೋಕೇ ದಾರಿ ಸಿಗಲ್ಲ."
ನಗುತ್ತಲೇ ಹೇಳಿದಳು. ಸುಮ್ಮನೆ ಹೇಳಿದಳೋ, ಚುಚ್ಚಿದಳೋ...

ಫೆಬ್ರವರಿ 21
ತವರಿಗೆ ಹೊರಟಳು, ಒಂದು ವಾರ. "ನೀರು ಹಾಕಿದ್ರೆ ಸಾಕು ಅತ್ತೆ. ಒಣಕಡ್ಡಿ ಮಾತ್ರ ಮುಟ್ಟಬೇಡಿ."
ಅಪ್ಪಣೆ. ನನ್ನ ಮನೆಯಲ್ಲಿ ನನಗೆ.

ಫೆಬ್ರವರಿ 23
ಕ್ಲೀನ್ ಮಾಡಿದೆ. ಹೂ ಬಿಟ್ಟ ಕೊತ್ತಂಬರಿ ಬುಡಸಮೇತ ಕಿತ್ತೆ. ಕಡ್ಡಿಯ ಕಟ್ಟು ತರಗೆಲೆಯ ಡ್ರಮ್ಮಿಗೆ. ಕಣ್ಣಿಗೆ ತಂಪಾಯಿತು. ನಿಜ ಹೇಳಬೇಕೆಂದರೆ ಹೊಟ್ಟೆಗೂ.

ಫೆಬ್ರವರಿ 24
ಜೇನುಗಳು ಬಂದವು. ಖಾಲಿ ಕುಂಡಗಳ ಮೇಲೆ ಸುತ್ತಿದವು, ಹೋದವು. ಇವರೂ ಲೋಟ ಹಿಡಿದು ಬಂದರು. ನಿಂತರು. ಇಳಿದು ಹೋದರು. ನನ್ನ ಗುಲಾಬಿಯನ್ನು ಈಗಲೂ ನೋಡಲಿಲ್ಲ.

ಮಾರ್ಚ್ 1
ಬಂದಳು. ಬ್ಯಾಗು ಇಟ್ಟವಳೇ ಮೇಲೆ ಓಡಿದಳು.
"ಅತ್ತೆ, ಕಡ್ಡಿ ಎಲ್ಲಿ?"
"ಕಸ ಅಂತ ಎಸೆದೆ."
"ಮುಟ್ಟಬೇಡಿ ಅಂದಿದ್ದೆನಲ್ಲ. ಅದರಲ್ಲಿ ಜೇನಿನ ಮರಿಗಳಿದ್ದವು." ಊಟಕ್ಕೆ ಬರಲಿಲ್ಲ. ಮಗ ನನ್ನ ಮುಖ ನೋಡದೆ ಉಂಡೆದ್ದ.

ಸಂಜೆ
ಡ್ರಮ್ಮಿಗೆ ಕೈ ಹಾಕಿದೆ. ಕಟ್ಟು ಇನ್ನೂ ತರಗೆಲೆಗಳ ಮೇಲೇ ಇತ್ತು. ಒಂದು ಕಡ್ಡಿ ಸೀಳಿದೆ. ಒಳಗೆ ಎಲೆಯ ಸುರುಳಿಗಳು, ಒಂದರ ಬೆನ್ನಿಗೊಂದು. ಗುಂಡಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ... ಒಂದು ಹೊಲಿಗೆಯಿಲ್ಲ. ಗುಲಾಬಿ ಎಲೆ. ನನ್ನ ಗುಲಾಬಿಯದೇ. ಮರಿಗೆ ಹಾಸಿಗೆ.
ನನ್ನ ಕಡೆಗೂ ಬರುತ್ತಲೇ ಇದ್ದವು ಹಾಗಾದರೆ. ನಾನು ಹೂವಿನ ಮೇಲಷ್ಟೇ ಕಣ್ಣಿಟ್ಟಿದ್ದೆ.
ಕಟ್ಟು ಅವಳ ಕೈಗೆ ಕೊಟ್ಟೆ. "ಹೊಟ್ಟೆಕಿಚ್ಚಿಗೆ ಎಸೆದೆ ಕಣಮ್ಮ," ಎಂದೆ.
ಕಟ್ಟಿಗೆ ಅಂಟಿದ ತರಗೆಲೆ ಬಿಡಿಸಿದಳು. "ಗೊತ್ತು ಅತ್ತೆ."

ಮಾರ್ಚ್ 2
ಇವರನ್ನು ಕೇಳಿಯೇ ಬಿಟ್ಟೆ. "ನನ್ನ ಗುಲಾಬಿ ನೋಡೋಕೆ ಒಂದು ದಿನವೂ ಬರಲಿಲ್ಲ. ಅವಳ ಹುಳ ನೋಡೋಕೆ ದಿನಾ."
ಪೇಪರ್ ಮಡಿಸಿದರು. "ಅವಳು ಕರೆದಳು, ಹೋದೆ. ನೀನು ಯಾವತ್ತು ಕರೆದೆ ಹೇಳು? ಒಂದ್ಸಲ ನಾನಾಗೇ ಬಂದಿದ್ದಕ್ಕೆ ನೀರಿನ ಪೈಪ್ ತುಳೀಬೇಡಿ, ಕೆಳಗೆ ಹೋಗಿ ಅಂದೆ."
ನೆನಪಿಲ್ಲ. ಅಂದಿರಬೇಕು. ಅನ್ನುವವಳೇ ನಾನು.

ಮಾರ್ಚ್ 6, ಬೆಳಿಗ್ಗೆ
ಕಟ್ಟು ಈಗ ನನ್ನ ಗುಲಾಬಿಯ ಪಕ್ಕ, ನೆರಳಿನಲ್ಲಿ. ಅವಳೇ ತೂಗುಹಾಕಿದಳು. ಒಂದು ಕಡ್ಡಿಯ ಬಾಯಲ್ಲಿ ಏನೋ ಅಲುಗುತ್ತಿದೆ — ಮೊದಲು ಮೀಸೆ, ಆಮೇಲೆ ತಲೆ. ಮೆಟ್ಟಿಲ ಬಳಿ ಹೋಗಿ ಕೂಗಿದೆ. "ರೀ, ಬನ್ನಿ ಇಲ್ಲಿ. ಬೇಗ."
ಕೂತು ಬರೆಯುತ್ತಿದ್ದೇನೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಎರಡು ಜೊತೆ. ಅವಳೂ ಬರುತ್ತಿದ್ದಾಳೆ. ನಾನು ಕರೆದದ್ದು ಇವರನ್ನು ಮಾತ್ರ... ಬರಲಿ ಬಿಡು. ಸರಿದು ಕೂತರೆ ಮೂವರಿಗೂ ಜಾಗ. ಆದರೆ ನಡುವೆ ಕೂರುವವಳು ನಾನೇ —