ಎರಡನೇ ರೌಂಡಿನಲ್ಲಿ ಆದದ್ದು

ಮನೆಯಿಂದ,
ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ಮಗನಿಗೆ ಅಮ್ಮ ಬರೆಯುವುದು.

ಹೇಗಿದ್ದೀಯಪ್ಪಾ? ತಲೆನೋವು ನಿಜವಾಗಿಯೂ ಹೋಯಿತೋ, ಇಲ್ಲ ನನಗೆ ಗಾಬರಿಯಾದೀತೆಂದು ಹಾಗೆ ಬರೆದೆಯೋ? ಗೋದಾಮಿನಲ್ಲಿ ಮೂಟೆ ಎತ್ತುವಾಗ ಸೊಂಟ ನೋಡಿಕೋ. ಹೊಟ್ಟೆ ತುಂಬ ಊಟ ಮಾಡು. ತೂಕ ಹೆಚ್ಚೀತೆಂದು ಅರೆಹೊಟ್ಟೆಯಲ್ಲಿ ಮಲಗುವ ಕಾಲ ಮುಗಿಯಿತೆಂದು ನೀನೇ ಬರೆದಿದ್ದೀಯಲ್ಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಬಸ್ಸಿಗೆ ಹೊಸ ಬ್ರೇಕ್ ಹಾಕಿದ್ದಾರೆ. ಅವರ ಬಾಯಿಗೆ ಮಾತ್ರ ಇನ್ನೂ ಯಾರೂ ಹಾಕಿಲ್ಲ.

ಮೊನ್ನೆ ನಿನ್ನ ಬಾಕ್ಸಿಂಗ್ ಕೋಚ್ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಬಂದಿದ್ದರು. ನೀವೆಲ್ಲ ಗುದ್ದುವ ಆ ದೊಡ್ಡ ಚೀಲ ಹೊಟ್ಟೆ ಬಿರಿದುಕೊಂಡು ಅವರ ಹೆಗಲ ಮೇಲಿತ್ತು. ಒಳಗೆ ಮರಳಿರುತ್ತದೆ ಎಂದುಕೊಂಡಿದ್ದೆ ಕಣೋ, ನೋಡಿದರೆ ಬರೀ ಹಳೇ ಬಟ್ಟೆ! ಇಷ್ಟು ವರ್ಷ ನನ್ನ ಮಗ ಬಡಿದದ್ದು ಬಟ್ಟೆಯನ್ನೇ ಆದರೆ ಮನೆಯ ಬಚ್ಚಲಲ್ಲೇ ಬಡಿಯಬಹುದಿತ್ತಲ್ಲ ಎಂದೆ. ಮಹಾರಾಯರು ನಕ್ಕರು. ಆ ಚರ್ಮಕ್ಕೆ ನನ್ನ ಎರಡು ಸೂಜಿ ಮುರಿದವು. ಹೊಲಿಯುವಾಗ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳಿದರು: "ಅಕ್ಕಾ, ಮುಂದಿನ ತಿಂಗಳ ಪಂದ್ಯದಿಂದ ಅವನ ಹೆಸರು ಇನ್ನೂ ತೆಗೆದಿಲ್ಲ. ಡಾಕ್ಟರೂ ಆಡಬಹುದು ಅಂದಿದ್ದಾರೆ. ಶನಿವಾರದವರೆಗೆ ಕಾಯ್ತೀನಿ. ಅವನು ಏಟಿಗೆ ಹೆದರೋನಲ್ಲ, ಆದ್ರೂ ಅವತ್ತು ಸೋತ ಪಂದ್ಯದಲ್ಲಿ ಯಾಕೆ ಕೈ ಇಳಿಸಿದ ಅನ್ನೋದೇ ತಿಳೀತಿಲ್ಲ." ನಾನು ಇನ್ನೊಂದು ಸೂಜಿಗೆ ದಾರ ಪೋಣಿಸಿ ಹೊಲಿಗೆ ಮುಂದುವರಿಸಿದೆ.

'ಹೇಡಿಗೆ ಗ್ಲೌಸ್ ಯಾಕಮ್ಮಾ' ಎಂದು ಬರೆದಿದ್ದೀಯ. ನೀನು ಏಳನೇ ಕ್ಲಾಸಿನಲ್ಲಿ ಎರಡು ಸಲ ಕೂತಿದ್ದೆ, ದಡ್ಡ ಎನ್ನದವರಿರಲಿಲ್ಲ. ಕೋಚ್ ಬೇರೆ ಹುಡುಗರನ್ನು ಕರೆದು ನಿನ್ನ ಎಡಗೈ ಏಟನ್ನು ತೋರಿಸಿದ ದಿನ ನೀನು ಕನ್ನಡಿಯ ಮುಂದೆ ಎಡಗೈ ಮಡಚಿ ಬಿಚ್ಚಿ ನಿಂತೇ ಇದ್ದೆ. ಅಂಥವನು ಆ ಸೋಲಿನ ಮಾರನೇ ವಾರ ಊಟಕ್ಕೆ ಕೂತಾಗ ನಿಮ್ಮಪ್ಪ, "ನಿಂತಲ್ಲೇ ಕೈ ಇಳಿಸಿದ. ಹೆದರಿದ, ಇನ್ನೇನು" ಎಂದುಬಿಟ್ಟರು. ಗಂಟೆ ಹೊಡೆದದ್ದು, ಆಮೇಲೆ ಆಸ್ಪತ್ರೆಯ ಫ್ಯಾನು, ಇವೆರಡು ಬಿಟ್ಟು ಏನೂ ನೆನಪಿಲ್ಲದ ನೀನು ಏನೆಂದು ಉತ್ತರ ಕೊಡುತ್ತೀಯ? ಬಟ್ಟೆ ತುಂಬಿಕೊಂಡು ಹೊರಟುಬಿಟ್ಟೆ. ಎಂಟು ತಿಂಗಳಾಯಿತು. ಅವರು ಈಗ ಪ್ರತಿ ಭಾನುವಾರ ನಿನ್ನ ಗ್ಲೌಸನ್ನು ಬಿಸಿಲಿಗಿಟ್ಟು, ಬೂಷ್ಟು ಹಿಡಿಯುತ್ತೆ ಅಂತ ನನ್ನನ್ನೇ ಗದರುತ್ತಾರೆ.

ಅಕ್ಕಪಕ್ಕದವರೆಲ್ಲ ನಿನ್ನನ್ನು ಕೇಳುತ್ತಿರುತ್ತಾರೆ. ಅಪ್ಪನ ಆಶೀರ್ವಾದವೂ ಇದೆ. ಅವರು ಹೇಳಲಿಲ್ಲ, ನಾನೇ ಸೇರಿಸಿದ್ದೇನೆ. ನೂರು ಕಾಲ ಗಟ್ಟಿಯಾಗಿ ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಬುಧವಾರ ಬೆಳಿಗ್ಗೆ. ಇದನ್ನು ಈಗ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ಎರಡನೇ ರೌಂಡಿನಲ್ಲಿ ನಿನ್ನ ಹುಬ್ಬಿನಿಂದ ರಕ್ತ ಇಳಿದದ್ದು ಕಂಡು ನಾನು ಎದ್ದು ನಿಂತು "ಮರೀ!" ಎಂದು ಕಿರುಚಿದೆ. ನೀನು ನನ್ನ ಕಡೆ ತಿರುಗಿದೆ. ಕೈ ಇಳಿಯಿತು, ಏಟು ಬಿತ್ತು. ಆ ಗದ್ದಲದಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು, ನೀನು ಮನೆ ಬಿಡುವಾಗಲೂ ನಾನು ಸುಮ್ಮನಿದ್ದೆ. ಹೆದರಿದ್ದು ನಾನು, ನೀನಲ್ಲ. ಅಮ್ಮ ಕರೆದಳು, ನೀನು ತಿರುಗಿದೆ, ಅಷ್ಟೇ. ನಿನ್ನೆ ನಿಮ್ಮಪ್ಪನಿಗೂ ಹೇಳಿದೆ. ನಿನ್ನ ಗ್ಲೌಸನ್ನು ತಂದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ನಾನು ಅವನನ್ನ ಏನೆಲ್ಲ ಅಂದುಬಿಟ್ಟೆನಲ್ಲೇ" ಎಂದರು. ಇವತ್ತು ರಜೆ ಹಾಕಿದ್ದಾರೆ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಅವರೇ ತರುತ್ತಿದ್ದಾರೆ. ನೀನು ಓದಿ ಮುಗಿಸುವವರೆಗೆ ಹೊರಗೇ ನಿಂತಿರುತ್ತೇನೆ ಎಂದಿದ್ದಾರೆ. ಒಳಗೆ ಕರಿ, ಮಗನೇ.