ಅಂಟುಹಲಗೆಯ ಮೇಲೆ ಸತ್ತ ಹಲ್ಲಿಗಳು ಮತ್ತು ನೀವು ಅವ್ವನಿಗೆ ಕೊಟ್ಟ ಮಾತು

ಮಾನ್ಯ ಸಂಗ್ರಹಾಲಯದ ಅಧಿಕಾರಿಗಳೇ,

ನೀವು ನನ್ನ ಅವ್ವನಿಗೆ ಕೊಟ್ಟ ಮಾತಿಗೆ ತಪ್ಪಿದ್ದೀರಿ. ಹುಳುಗಳ ಮೇಲೆ ನಿಗಾ ಇಡಲೆಂದು ನೀವು ಹಾಸಿದ ಅಂಟುಹಲಗೆಗಳ ಮೇಲೆ ಹಲ್ಲಿಗಳು ಸಾಯುತ್ತಿವೆ. ಹಾಗಾಗುವುದಿಲ್ಲವೆಂದು ನಮ್ಮ ಮನೆಯಲ್ಲಿ ಕುಳಿತು, ನಮ್ಮ ಚಹಾ ಕುಡಿದು ಹೇಳಿದವರು ನೀವೇ.

ಮರೆತಿದ್ದರೆ ನೆನಪಿಸುತ್ತೇನೆ. ವೀರಭದ್ರ ದೇವರ ಮುಂದೆ ನನ್ನ ಅಜ್ಜ ಬಾರಿಸುತ್ತಿದ್ದ ಚರ್ಮವಾದ್ಯ ಸಮ್ಮಾಳವನ್ನು ಕೇಳಿಕೊಂಡು ನೀವು ನಾರಾಯಣಖೇಡದ ನಮ್ಮ ಮನೆಗೆ ಬಂದಿರಿ. ಚರ್ಮಕ್ಕೆ ಹುಳು ಬೀಳುತ್ತದೆ, ಬಂದಿದೆಯೇ ಎಂದು ತಿಳಿಯಲು ಅಂಟುಹಲಗೆ ಇಡುತ್ತೇವೆ ಎಂದಿರಿ. ಅವ್ವ ಶಾಂತಾಬಾಯಿ ಕೇಳಿದಳು: “ಹಲ್ಲಿ ಗಿಲ್ಲಿ ಅಂಟ್ಕೊಂಡ್ರ ಹ್ಯಾಂಗ್ರಿ ಸಾಹೇಬ್ರ? ಆ ಪಾಪ ನಮ್ಮ ಮ್ಯಾಲ ಬರ್ತದ.”

“ಸಣ್ಣ ಡಬ್ಬಿಯೊಳಗ ಇಡ್ತೀವ್ರಿ ಅಮ್ಮಾ. ಹುಳ ಬಿಟ್ರ ಬ್ಯಾರೆ ಏನೂ ಒಳಗ ಹೋಗಲ್ಲ. ದಿನಾ ಮುಂಜಾನೆ ನೋಡ್ತೀವಿ” ಎಂದಿರಿ.

ಅದೇ ಹೊತ್ತಿಗೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅವ್ವ ಬೆರಳಿನಿಂದ ನೆಲ ತಟ್ಟಿ, “ಖರೆ ಅದ. ಹಲ್ಲಿ ನುಡೀತು, ಒಯ್ರಿ” ಎಂದು ಸಮ್ಮಾಳ ಎತ್ತಿಕೊಟ್ಟಳು. ಹಲ್ಲಿ ನುಡಿದ ಮೇಲೆ ಬೇರೆ ಸಾಕ್ಷಿ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನೀವೂ ನಗುತ್ತ ಕೈಮುಗಿದಿರಿ.

ಕಳೆದ ವಾರ ಸಮ್ಮಾಳ ನೋಡಲು ನಿಮ್ಮ ಸಂಗ್ರಹಾಲಯಕ್ಕೆ ಬಂದೆ. ಗಾಜಿನ ಪೆಟ್ಟಿಗೆಯ ಕೆಳಗೆ ಇಲಿ ಹಿಡಿಯುವಷ್ಟು ಅಗಲದ ತೆರೆದ ಹಲಗೆ. ಮೇಲೆ ಒಣಗಿದ ಹಲ್ಲಿಗಳು, ಒಂದು ಕಪ್ಪೆಮರಿ, ಇನ್ನೂ ಬಾಲ ಅಲುಗಿಸುತ್ತಿದ್ದ ಒಂದು ಹಲ್ಲಿ. ನಿಮ್ಮ ಅಟೆಂಡರ್ ಪೀರಪ್ಪ ಕೊಬ್ಬರಿ ಎಣ್ಣೆ ತಂದುಕೊಟ್ಟ. ಮೆಲ್ಲಗೆ ಬಿಡಿಸಿದರೂ ಅದರ ಚರ್ಮ ಹಲಗೆಗೇ ಉಳಿಯಿತು. ನನ್ನ ಅಂಗೈಯಲ್ಲೇ ಸತ್ತಿತು.

“ಹುಳ ನೋಡಾಕ ಇಟ್ಟಾರ್ರಿ ಮೇಡಂ. ಆದ್ರ ನೋಡಾಕ ಯಾರೂ ಬಂದಿಲ್ಲ” ಎಂದ ಪೀರಪ್ಪ.

ನಾನು ಜಹೀರಾಬಾದಿನ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಹುಳು ತಿನ್ನುವ ಹಲ್ಲಿಯನ್ನು ಕೊಂದಿರಿ. ಒಣಗಿದ ಹಲ್ಲಿಯನ್ನು ತಿನ್ನಲು ಬರುವುದು ಅದೇ ಚರ್ಮ ತಿನ್ನುವ ಹುಳು. ಎಂದರೆ ಸಮ್ಮಾಳದ ಕೆಳಗೇ ಎಲೆ ಹಾಕಿ ಬಡಿಸಿದ್ದೀರಿ. ಶತ್ರುವನ್ನು ಊಟಕ್ಕೆ ಕರೆದು, ಬಂದನೇ ಎಂದು ನೋಡಲೂ ಮರೆಯುವುದಕ್ಕೆ ನಿಮ್ಮ ಕಚೇರಿಯಲ್ಲಿ ವೈಜ್ಞಾನಿಕ ನಿಗಾ ಎನ್ನುತ್ತಾರೆಯೇ? ಫೋನ್ ಮಾಡಿದರೆ “ಹಲ್ಲಿ ತಾನೇ ಮೇಡಂ” ಎಂದಿರಿ. ಅಂದು ಅದೇ ಹಲ್ಲಿಯ ನುಡಿ ನಿಮಗೆ ಬೇಕಾಗಿತ್ತಲ್ಲವೇ? ನನಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿದೆ. ನಂಬಿದವರಿಗೆ ಹೀಗೆ ಮಾಡಬಾರದು.

ಈಗ ನಾಗಲಗಿದ್ದ ಊರಿನ ಮೋನಮ್ಮನವರು ತಮ್ಮ ಮನೆತನದ ಹಳೆಯ ಕಂಬಳಿಯನ್ನು ನಿಮಗೆ ಕೊಡಲು ಹೊರಟಿದ್ದಾರೆ. ಕೊಡಬಹುದೇ ಎಂದು ಅವ್ವನನ್ನು ಕೇಳಿದರಂತೆ. “ಕೊಡ್ರಿ. ಸಾಹೇಬ್ರು ಮಾತಿನ ಮನುಷ್ಯಾರ” ಎಂದಿದ್ದಾಳೆ ಅವ್ವ. ಅವಳಿಗೆ ಇದಾವುದೂ ಗೊತ್ತಿಲ್ಲ. ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಆದ್ದರಿಂದ ಆ ತೆರೆದ ಹಲಗೆಗಳನ್ನು ಇಂದೇ ತೆಗೆಸಿ. ಹುಳು ಮಾತ್ರ ತೂರುವಷ್ಟು ಕಿರಿದಾದ ಬಾಯಿಯ ಡಬ್ಬಿಗಳನ್ನಿಡಿ, ದಿನವೂ ನೋಡಿ. ಆಗದಿದ್ದರೆ ಸಮ್ಮಾಳ ಹಿಂದಿರುಗಿಸಿ. ಏನೇ ಮಾಡಿದರೂ ಒಮ್ಮೆ ನಮ್ಮ ಮನೆಗೆ ಬಂದು ನಡೆದದ್ದನ್ನು ಅವ್ವನಿಗೆ ನೀವೇ ಹೇಳಬೇಕು. ಅವಳಿಗೆ ಓದು ಬಾರದು. ಈ ಪತ್ರದ ಸುದ್ದಿಯನ್ನು ಯಾರಾದರೂ ಅವಳ ಕಿವಿಗೆ ಹಾಕುವ ಮೊದಲೇ ಬನ್ನಿ.

ಇಂತಿ,
ಅವ್ವನ ಎದುರು ನಿಲ್ಲಲಾರದೆ ಜಹೀರಾಬಾದಿನಲ್ಲೇ ಉಳಿದಿರುವ ಮಗಳು,
ಶಿವಕಾಂತಾ